ಸೇವೆಯ ಮನೆಯಲ್ಲಿ ಎಂಟು ಮಕ್ಕಳು: ವರ್ಷಗಟ್ಟಲೆ ನಡೆಸುವ ಬಗೆ

ಆಸರೆ ತಪ್ಪಿದ ಮಕ್ಕಳಿಗಾಗಿ ನಾವು, ಒಬ್ಬ ಕ್ರೈಸ್ತ ಮಿಷನರಿ ದಂಪತಿ, ನಡೆಸುವ ಮನೆಯಲ್ಲಿ ಒಮ್ಮೆಗೆ ಎಂಟಕ್ಕಿಂತ ಹೆಚ್ಚು ಮಕ್ಕಳನ್ನು ಇಟ್ಟುಕೊಳ್ಳುವುದಿಲ್ಲ. ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಸೇರಿದರೆ ಹತ್ತು. ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಮೊದಲು ಕೇಳುವುದೇ ‘ಎಷ್ಟು ಮಕ್ಕಳಿದ್ದಾರೆ?’ ಎಂದು. ಐವತ್ತು ಅಂದರೆ ಕಾಣಿಕೆ ಸುಲಭವಾಗಿ ಬರುತ್ತದೆ, ಎಂಟು ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೂ ಈ ಲೆಕ್ಕ ಬದಲಿಸಿಲ್ಲ. ಗುಳೆ ಹೋದ ಊರಿನಲ್ಲಿ ಹೆತ್ತವರಿಂದ ತಪ್ಪಿಹೋದ ಮಗು, ಮದುವೆಯ ಚಪ್ಪರದಿಂದ ಬಿಡಿಸಿ ತಂದ ಹದಿಮೂರರ ಹುಡುಗಿ, ದೇವದಾಸಿ ಪದ್ಧತಿಗೆ ಸಿಕ್ಕಿದ್ದ ತಾಯಿಯ ಮಗ, ಕುಡುಕ ಅಪ್ಪನ ಹೊಡೆತ ತಿಂದು ಓಡಿ ಬಂದವನು, ಇವರೆಲ್ಲರಿಗೂ ಬೇಕಿರುವುದು ಅದೇ ಮುಖ, ಅದೇ ದನಿ, ಐದಾರು ವರ್ಷ. ಅಷ್ಟು ವರ್ಷ ನಾವು ನಿಲ್ಲಬೇಕಾದರೆ ಮೊದಲು ನಮ್ಮ ಸಂಸಾರ ನಿಲ್ಲಬೇಕು. ಉತ್ತರ ಕರ್ನಾಟಕದ ಹಳ್ಳಿಗಾಡಿನಲ್ಲಿ ನಾವು ಪಾಲಿಸುವ ಕ್ರಮಗಳೆಲ್ಲ ಈ ಒಂದು ಕಾರಣದಿಂದ ಹುಟ್ಟಿದವು.

ಚಿಕ್ಕ ಮನೆಯ ಆಲೋಚನೆ ಹೊಸದೇನಲ್ಲ. 1895ರಲ್ಲಿ ಭಾರತಕ್ಕೆ ಬಂದು ಮೊದಲು ಬೆಂಗಳೂರಿನಲ್ಲಿ ತಂಗಿದ್ದ ಐರ್ಲೆಂಡಿನ ಮಿಷನರಿ ಏಮಿ ಕಾರ್ಮೈಕಲ್, ಆಮೇಲೆ ತಮಿಳುನಾಡಿನ ದೋಹನಾವೂರಿನಲ್ಲಿ ದೇವಸ್ಥಾನಗಳಿಗೆ ಅರ್ಪಿಸಲಿದ್ದ ಹೆಣ್ಣುಮಕ್ಕಳಿಗೆ ಆಸರೆಯಾದರು. ಅಲ್ಲಿ ಮಕ್ಕಳು ಚಿಕ್ಕ ಚಿಕ್ಕ ಮನೆಗಳಲ್ಲಿ, ಒಬ್ಬೊಬ್ಬ ಅಕ್ಕನ ಕೈಕೆಳಗೆ ಬೆಳೆದರು. ಏಮಿ 1951ರಲ್ಲಿ ಸಾಯುವವರೆಗೂ ತಮ್ಮ ದೇಶಕ್ಕೆ ಹಿಂತಿರುಗಲಿಲ್ಲ. ಆ ಮನೆಗಳ ರಚನೆಯನ್ನು ನಾವು ಕಲಿಯಬಹುದು. ರಜೆಯೇ ಇಲ್ಲದ ಬದುಕನ್ನು ಮಾತ್ರ, ಮಕ್ಕಳುಮರಿ ಇರುವ ದಂಪತಿ ಅನುಕರಿಸಬಾರದು.

ಕಾನೂನಿನ ಭಾಗವನ್ನು ಚುಟುಕಾಗಿ ಹೇಳುತ್ತೇನೆ. ಸದುದ್ದೇಶವಿದ್ದವರು ಎಡವುವುದು ಇಲ್ಲೇ. ಬಾಂಡ್ ಪೇಪರಿನ ಮೇಲೆ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಮಗುವನ್ನು ಇಟ್ಟುಕೊಂಡರೆ ಅದಕ್ಕೆ ಬೆಲೆಯಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪೋಷಣೆ ರಕ್ಷಣೆ ಬೇಕಾದ ಮಗು ಸಿಕ್ಕರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ, ಇಂಥ ಮಕ್ಕಳ ಬಗ್ಗೆ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ರಾತ್ರಿ ಹೊತ್ತು ಯಾರಾದರೂ ಬಾಗಿಲಿಗೆ ಮಗುವನ್ನು ತಂದು ಬಿಟ್ಟರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ, ಜೊತೆಗೇ ಪೊಲೀಸ್ ಠಾಣೆಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಾಹಿತಿ. ಊಟ, ಹಾಸಿಗೆ ಕೊಡಬಹುದು, ದಾಖಲಿಸಿಕೊಳ್ಳುವುದು ಸಮಿತಿಯ ಆದೇಶದ ಪ್ರತಿ ಕೈಗೆ ಬಂದ ಮೇಲೆ. ಮನೆಯ ನೋಂದಣಿ ಐದು ವರ್ಷಕ್ಕೆ ಮಾತ್ರ. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಮಲಗುವ ಕೋಣೆಯಲ್ಲಿ ತಲೆಗೆ 40 ಚದರ ಅಡಿ ಎಂಬುದನ್ನು ಮನೆ ಬಾಡಿಗೆಗೆ ಹಿಡಿಯುವ ಮೊದಲೇ ಟೇಪು ಹಿಡಿದು ಅಳೆಯಿರಿ. ಬಿಟ್ಟುಹೋದ ಹಸುಗೂಸನ್ನು ನಾವು ಇಟ್ಟುಕೊಳ್ಳುವುದಿಲ್ಲ; ಅಂಥವು ಸಮಿತಿಯ ಮೂಲಕ ದತ್ತು ಕೇಂದ್ರಕ್ಕೆ ಹೋಗಬೇಕು.

ಇನ್ನು ಮಗು ಬಂದ ಮೊದಲ ಎರಡು ತಿಂಗಳು. ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಇದೇ.

ಬಂದ ದಿನ ಪ್ರಶ್ನೆ ಕೇಳುವುದಿಲ್ಲ. ಬಚ್ಚಲು ಎಲ್ಲಿ, ರಾತ್ರಿ ದೀಪ ಎಲ್ಲಿ ಉರಿಯುತ್ತದೆ, ನಾವು ಮಲಗುವ ಕೋಣೆ ಯಾವುದು, ಈ ಮೂರನ್ನು ತೋರಿಸುತ್ತೇವೆ. ಉಟ್ಟು ಬಂದ ಬಟ್ಟೆಯನ್ನು ಒಗೆಯುವುದುಂಟು, ಎಸೆಯುವುದಿಲ್ಲ. ಎಷ್ಟು ಹರಿದಿದ್ದರೂ ಅದು ಮಗುವಿನ ಮನೆಯಿಂದ ಬಂದ ಒಂದೇ ವಸ್ತು. ತಲೆ ಬೋಳಿಸುವುದನ್ನಂತೂ ಮಾಡಲೇಬಾರದು. ಹೇನಿದ್ದರೆ ಎಣ್ಣೆ ಹಚ್ಚಿ, ಸಣ್ಣ ಹಲ್ಲಿನ ಹಣಿಗೆಯಿಂದ ಮೂರು ದಿನಕ್ಕೊಮ್ಮೆ, ಎರಡು ವಾರ ಬಾಚಿದರೆ ಹೋಗುತ್ತದೆ. ಹಾಗೆ ತಲೆ ಬಾಚುವ ಹೊತ್ತಿನಲ್ಲೇ ಮಗು ತಾನಾಗಿ ಮಾತು ಶುರುಮಾಡುತ್ತದೆ.

ಮೊದಲ ಎರಡು ಮೂರು ವಾರ ಮಗು ಅತಿ ವಿಧೇಯವಾಗಿರುತ್ತದೆ. ತಟ್ಟೆ ತೊಳೆಯುತ್ತದೆ, ಕಸ ಗುಡಿಸುತ್ತದೆ, ‘ಅಮ್ಮಾ’ ಎಂದು ತಬ್ಬಿಕೊಳ್ಳುತ್ತದೆ. ಹೊಸ ದಂಪತಿ ಇದನ್ನು ಪ್ರೀತಿಯೆಂದು ತಿಳಿದು ಹಿಗ್ಗುತ್ತಾರೆ. ನಿಜವಾಗಿ ಅದು ಭಯ. ಸಿಕ್ಕವರನ್ನೆಲ್ಲ ತಬ್ಬುವ ಮಗುವಿಗೆ ಇನ್ನೂ ಯಾರೂ ತನ್ನವರಾಗಿಲ್ಲ. ನಾಲ್ಕರಿಂದ ಎಂಟನೇ ವಾರದ ನಡುವೆ ಸುಳ್ಳು, ಕದಿಯುವುದು, ಒದೆಯುವುದು ಹೊರಬರುತ್ತದೆ. ‘ಇಷ್ಟೆಲ್ಲಾ ಮಾಡಿದರೂ ಇವರು ನನ್ನನ್ನು ಇಟ್ಟುಕೊಳ್ಳುತ್ತಾರೋ’ ಎಂದು ಮಗು ತೂಗಿ ನೋಡುವ ಕಾಲ ಅದು. ಮಗುವನ್ನು ವಾಪಸು ಕಳಿಸುವ ಮಾತು ಮನೆಗಳಲ್ಲಿ ಏಳುವುದೂ ಆಗಲೇ. ಆದ್ದರಿಂದ ಆ ಎರಡು ತಿಂಗಳು ನಮ್ಮಿಬ್ಬರಲ್ಲಿ ಯಾರೂ ರಾತ್ರಿ ಊರು ಬಿಡುವುದಿಲ್ಲ, ಸಭೆಯ ಸಮ್ಮೇಳನವಿದ್ದರೂ ಸರಿ. ಇನ್ನೊಂದು ಹೊಸ ಮಗುವನ್ನೂ ಒಪ್ಪಿಕೊಳ್ಳುವುದಿಲ್ಲ.

ಹೊಡೆತ ಇಲ್ಲ. ಕಾಯ್ದೆಯಲ್ಲಿ ನಿಷೇಧವಿದೆ ಎಂಬುದು ಒಂದು, ಹೊಡೆತ ತಿಂದೇ ಬಂದ ಮಗುವಿಗೆ ಅದು ಹಳೆಯ ಭಾಷೆ ಎಂಬುದು ಇನ್ನೊಂದು. ಕೋಣೆಗೆ ಹಾಕಿ ಚಿಲಕ ಹಾಕುವುದು, ಊಟ ತಪ್ಪಿಸುವುದು ಅದಕ್ಕಿಂತ ಕೆಟ್ಟವು, ಏಕೆಂದರೆ ಈ ಮಕ್ಕಳ ಗಾಯವೇ ಒಂಟಿತನ ಮತ್ತು ಹಸಿವು. ಗಾಜು ಒಡೆದರೆ ಮಗುವಿನ ಜೊತೆ ಕೂತು ಗುಡಿಸುತ್ತೇವೆ. ಕದ್ದರೆ ಜೊತೆಗೆ ಹೋಗಿ ಹಿಂತಿರುಗಿಸುತ್ತೇವೆ. ‘ಯಾಕೆ ಮಾಡಿದೆ?’ ಎಂಬ ಪ್ರಶ್ನೆಯನ್ನು ಬಿಟ್ಟಿದ್ದೇವೆ. ಮಗುವಿಗೇ ಉತ್ತರ ಗೊತ್ತಿರುವುದಿಲ್ಲ, ಕೇಳಿದರೆ ಇನ್ನೊಂದು ಸುಳ್ಳು ಹೇಳಿಸಿದಂತೆ.

ಅನ್ನ ಬಚ್ಚಿಡುವುದು ಎಲ್ಲ ಮನೆಗಳಲ್ಲೂ ಕಾಣುವ ಸಂಗತಿ. ದಿಂಬಿನ ಕೆಳಗೆ ರೊಟ್ಟಿ, ಪಾಟಿಚೀಲದಲ್ಲಿ ಅನ್ನದ ಉಂಡೆ, ಆಮೇಲೆ ಇರುವೆ, ಇಲಿ. ಹುಡುಕಿ ಬೈದರೆ ಅಡಗಿಸುವ ಜಾಗ ಬದಲಾಗುತ್ತದೆ ಅಷ್ಟೆ. ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ ಬೀಗವಿಲ್ಲದ ಒಂದು ಬುಟ್ಟಿ ಇಡಿ: ಬಾಳೆಹಣ್ಣು, ಹುರಿದ ಶೇಂಗಾ, ಬೆಲ್ಲ, ಒಣ ರೊಟ್ಟಿ. ಕೇಳದೆ ತಿನ್ನಬಹುದು, ರಾತ್ರಿಯೂ. ಮುಖ್ಯವಾದದ್ದು, ಬುಟ್ಟಿ ಯಾವತ್ತೂ ಖಾಲಿಯಾಗಿ ಕಾಣಬಾರದು. ಒಂದು ದಿನ ಖಾಲಿ ಕಂಡರೆ ಹಿಂದಿನ ಒಂದು ತಿಂಗಳ ನಂಬಿಕೆ ಹೋಗುತ್ತದೆ. ರಾತ್ರಿ ಊಟಕ್ಕೆ ಹನ್ನೆರಡು ಮಂದಿಗೆ ಎರಡೂವರೆ ಕೆ.ಜಿ. ಜೋಳದ ಹಿಟ್ಟು ಹಿಡಿಯುತ್ತದೆ. ನಾವು ಮೂರು ಕೆ.ಜಿ. ತಟ್ಟುತ್ತೇವೆ, ಬುಟ್ಟಿಯಲ್ಲಿ ರೊಟ್ಟಿ ಮಿಗುವುದು ಮಕ್ಕಳ ಕಣ್ಣಿಗೆ ಬೀಳಲಿ ಎಂದು. ತೀರಾ ಬಡಕಲಾಗಿ ಬಂದ ಐದು ವರ್ಷದೊಳಗಿನ ಮಗುವಿಗೆ ಮಾತ್ರ ಬೇರೆ ದಾರಿ: ಮೇಲ್ತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತುಪ್ಪ, ಮೊಟ್ಟೆ ತುರುಕದೆ ನೇರ ಸರ್ಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ಯಬೇಕು. ಬರಗೆಟ್ಟ ದೇಹಕ್ಕೆ ಒಮ್ಮೆಲೆ ಹೆಚ್ಚು ಆಹಾರ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಹಾಸಿಗೆ ಒದ್ದೆಮಾಡುವುದಕ್ಕೆ ನಮ್ಮ ಉಪಾಯ ಎರಡು ಪದರದ ಹಾಸಿಗೆ. ಕೆಳಗೆ ರೆಕ್ಸಿನ್, ಅದರ ಮೇಲೆ ಹತ್ತಿ ಹೊದಿಕೆ, ಮತ್ತೆ ರೆಕ್ಸಿನ್, ಮತ್ತೆ ಹತ್ತಿ. ರಾತ್ರಿ ಒದ್ದೆಯಾದರೆ ಮೇಲಿನ ಜೋಡಿಯನ್ನು ಎಳೆದರೆ ಸಾಕು, ಒಂದು ನಿಮಿಷದಲ್ಲಿ ಒಣ ಹಾಸಿಗೆ ಸಿದ್ಧ. ಉಳಿದವರಿಗೆ ಎಚ್ಚರವೂ ಆಗದು. ಒಗೆದ ಹೊದಿಕೆಗಳನ್ನು ಹಿತ್ತಲಲ್ಲಿ ಎಲ್ಲರ ಬಟ್ಟೆಯ ಜೊತೆಗೇ ಒಣಹಾಕಿ. ತಿಂಗಳುಗಟ್ಟಲೆ ಒಣಗಿದ್ದ ಹಾಸಿಗೆ ಇದ್ದಕ್ಕಿದ್ದಂತೆ ಒದ್ದೆಯಾಗತೊಡಗಿದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಪರೀಕ್ಷಿಸಿ. ಯಾರಾದರೂ ಮಗುವಿಗೆ ತೊಂದರೆ ಕೊಡುತ್ತಿದ್ದಾರೆಯೇ ಎಂಬುದನ್ನೂ ನೋಡಬೇಕು.

ಕಜ್ಜಿ ಬಂದರೆ ಒಬ್ಬರಿಗೆ ಮಾತ್ರ ಮದ್ದು ಹಚ್ಚುವುದು ವ್ಯರ್ಥ. ವೈದ್ಯರು ಬರೆದುಕೊಟ್ಟ 5 ಶೇಕಡಾ ಪರ್ಮೆಥ್ರಿನ್ ಮುಲಾಮನ್ನು ಮನೆಯ ಎಲ್ಲರೂ, ಅಡುಗೆಯವರೂ ಸೇರಿ, ಒಂದೇ ರಾತ್ರಿ ಕತ್ತಿನಿಂದ ಅಂಗಾಲಿನವರೆಗೆ ಹಚ್ಚಿ, ಎಂಟು ಗಂಟೆಯಾದರೂ ಬಿಟ್ಟು ಬೆಳಗ್ಗೆ ಸ್ನಾನ ಮಾಡಬೇಕು. ಬೆರಳ ಸಂದು, ಹೊಕ್ಕಳು, ಉಗುರಿನ ಅಡಿ ಬಿಡಬಾರದು. ಅದೇ ಬೆಳಗ್ಗೆ ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆಯಿರಿ. ವಾರದ ನಂತರ ಇನ್ನೊಮ್ಮೆ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ. ಮದ್ದು ನಾಟಲಿಲ್ಲವೆಂದು ದಿನವೂ ಹಚ್ಚಿದರೆ ಚರ್ಮ ಸುಡುತ್ತದೆ.

ಈಗ ನಮ್ಮ ಸ್ವಂತ ಮಕ್ಕಳ ಮಾತು. ಮಿಷನರಿ ಸಂಸಾರಗಳು ಬಹಳ ಸಲ ಮುರಿದದ್ದು ಇಲ್ಲೇ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದಲ್ಲಿ ಮಿಷನರಿಗಳ ಮಕ್ಕಳನ್ನು ಎಳವೆಯಲ್ಲೇ ಯುರೋಪಿಗೆ ಕಳಿಸುವ ರೂಢಿಯಿತ್ತು. ಕೇರಳದ ತಲಶ್ಶೇರಿಯಲ್ಲಿದ್ದ ಆ ಮಿಷನಿನ ಹರ್ಮನ್ ಗುಂಡರ್ಟ್ ಅವರ ಮಗಳು ಮೇರಿ 1842ರಲ್ಲಿ ಅಲ್ಲೇ ಹುಟ್ಟಿ, ತೀರ ಚಿಕ್ಕ ವಯಸ್ಸಿನಲ್ಲಿ ಅಪ್ಪ ಅಮ್ಮನಿಂದ ದೂರವಾಗಿ ಯುರೋಪಿನಲ್ಲಿ ಬೆಳೆದರು. ಆ ತಲೆಮಾರಿಗೆ ಬೇರೆ ದಾರಿ ತೋಚಲಿಲ್ಲ, ನಮಗೆ ಇದೆ. ಊರಿನ ಮಕ್ಕಳನ್ನು ಸಾಕಲು ಹೋಗಿ ಸ್ವಂತ ಮಕ್ಕಳನ್ನು ದೂರದ ಬೋರ್ಡಿಂಗ್ ಶಾಲೆಗೆ ಹಾಕುವುದನ್ನು ನಾವು ಒಪ್ಪುವುದಿಲ್ಲ.

ಕ್ರಮಗಳು ಇವು. ಹೊಸ ಮಗು ನಮ್ಮ ಕಿರಿಯ ಮಗುವಿಗಿಂತ ಎರಡು ವರ್ಷವಾದರೂ ಚಿಕ್ಕದಿರಬೇಕೆಂದು ಸಮಿತಿಗೆ ಬರವಣಿಗೆಯಲ್ಲಿ ಕೋರುತ್ತೇವೆ. ಮನೆಯೊಳಗಿನ ಹಿರಿ-ಕಿರಿ ಕ್ರಮ ಕದಡಿದರೆ ಎರಡೂ ಕಡೆಯ ಮಕ್ಕಳು ನೆಲೆ ತಪ್ಪುತ್ತಾರೆ. ಸ್ವಂತ ಮಕ್ಕಳಿಗೆ ಬೀಗವಿರುವ ಒಂದು ಪೆಟ್ಟಿಗೆ, ಹಂಚಿಕೊಳ್ಳಬೇಕಿಲ್ಲದ ವಸ್ತುಗಳು. ವಾರದಲ್ಲಿ ಒಂದು ಸಂಜೆ ನಮ್ಮಲ್ಲೊಬ್ಬರು ಅವರೊಂದಿಗೆ ಮಾತ್ರ ಹೊರಗೆ ಹೋಗುತ್ತೇವೆ, ಸಂತೆಗಾದರೂ ಸರಿ. ಹೊಸ ಮಗುವನ್ನು ‘ಇವನು ನಿನ್ನ ತಮ್ಮ’ ಎಂದು ಹೇರುವುದಿಲ್ಲ. ಹೆಸರು ಹೇಳುತ್ತೇವೆ, ನಂಟು ತಾನಾಗಿ ಬೆಳೆಯಲಿ. ಬಚ್ಚಲಿಗೆ ಒಬ್ಬೊಬ್ಬರೇ. ಮುಚ್ಚಿದ ಬಾಗಿಲ ಹಿಂದೆ ಇಬ್ಬರು ಮಕ್ಕಳು, ಅಥವಾ ಒಬ್ಬ ದೊಡ್ಡವರು ಒಂದು ಮಗು, ಇರುವಂತಿಲ್ಲ. ಈ ನಿಯಮ ನಮಗೂ, ಭೇಟಿಗೆ ಬಂದ ಸಭಾಪಾಲಕರಿಗೂ ಒಂದೇ. ಲೈಂಗಿಕ ದೌರ್ಜನ್ಯದ ಮಾತು ಮಗುವಿನ ಬಾಯಿಂದ ಬಂದರೆ ಸಭೆಯ ಹಿರಿಯರು ಕೂತು ತೀರ್ಮಾನಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಮಗು ಹೇಳಿದ ಪದಗಳನ್ನೇ ಅಂದೇ ಬರೆದಿಟ್ಟು, ಮತ್ತೆ ಮತ್ತೆ ಕೇಳದೆ ಬಿಡಬೇಕು.

ನಗರದ ಸಭೆಗಳಿಂದಲೂ ಹೊರದೇಶದಿಂದಲೂ ಎರಡು ವಾರಕ್ಕೆಂದು ತಂಡಗಳು ಬರುತ್ತವೆ. ಅವರ ಮನಸ್ಸು ಒಳ್ಳೆಯದೇ. ಆದರೆ ಬಂದವರು ಎತ್ತಿ ಮುದ್ದಾಡಿ ಹೋದಾಗ ಮಗುವಿಗೆ ಅದು ಇನ್ನೊಂದು ಅಗಲಿಕೆ. ಆರು ತಿಂಗಳಿಗಿಂತ ಕಡಿಮೆ ಇರುವವರಿಗೆ ಸುಣ್ಣ ಬಳಿಯುವ, ಲೆಕ್ಕ ಬರೆಯುವ, ಹಂಚು ಸರಿಪಡಿಸುವ ಕೆಲಸ ಮಾತ್ರ. ಹುಟ್ಟುಹಬ್ಬದ ಕೇಕ್ ತಂದು ಮಕ್ಕಳನ್ನು ಸಾಲಾಗಿ ಕೂರಿಸುವುದಕ್ಕೆ ಒಪ್ಪಿಗೆ ಇಲ್ಲ. ಮಗುವಿನ ಗುರುತು ಬಯಲಾಗುವಂತೆ ಫೋಟೊ ಹಾಕಿದರೆ ಆರು ತಿಂಗಳವರೆಗೆ ಸಜೆ, ಎರಡು ಲಕ್ಷದವರೆಗೆ ದಂಡ ಆಗಬಹುದೆಂದು ಗೇಟಿನ ಬಳಿಯೇ ಬರೆದು ಹಾಕಿದ್ದೇವೆ.

ಪ್ರಾರ್ಥನೆಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ನಮ್ಮ ಕುಟುಂಬ ದಿನವೂ ಸಂಜೆ ಪ್ರಾರ್ಥಿಸುತ್ತದೆ, ಬಾಗಿಲು ತೆರೆದಿರುತ್ತದೆ. ಆದರೆ ಊಟ ಮೊದಲು, ಪ್ರಾರ್ಥನೆ ಆಮೇಲೆ. ಪ್ರಾರ್ಥನೆ ಮೊದಲಿಟ್ಟರೆ ಹಸಿದ ಮಗುವಿಗೆ ಅದು ಅನ್ನದ ಬೆಲೆಯಾಗುತ್ತದೆ, ಯೇಸುವಿನ ಹೆಸರಿನಲ್ಲಿ ಅದನ್ನು ಮಾಡಲು ನಮಗೆ ಹಕ್ಕಿಲ್ಲ. ಮಗುವಿನ ಹೆಸರನ್ನು ಬದಲಿಸುವುದಿಲ್ಲ. ಶಾಲೆಯ ದಾಖಲೆಯಲ್ಲಿ ಜಾತಿ, ಧರ್ಮದ ಕಲಂ ಮುಟ್ಟುವುದಿಲ್ಲ. 1950ರ ಪರಿಶಿಷ್ಟ ಜಾತಿ ಆದೇಶದಡಿ ಹಿಂದೂ, ಸಿಖ್, ಬೌದ್ಧರಿಗಷ್ಟೇ ಆ ಸ್ಥಾನವಿದೆ. ದೊಡ್ಡವರ ಉತ್ಸಾಹದ ಒಂದು ಗೆರೆಯಿಂದ ಮಗುವಿನ ವಿದ್ಯಾರ್ಥಿವೇತನವೂ ಮುಂದಿನ ಮೀಸಲಾತಿಯೂ ತೊಡಕಿಗೆ ಸಿಕ್ಕಬಹುದು. ಎಳ್ಳಮಾವಾಸ್ಯೆಗೆ, ಊರ ಜಾತ್ರೆಗೆ, ಅಜ್ಜಿಯೋ ಚಿಕ್ಕಪ್ಪನೋ ಇದ್ದರೆ ಸಮಿತಿಯ ಅನುಮತಿ ಪಡೆದು ಕಳಿಸುತ್ತೇವೆ.

ಹೆತ್ತವರನ್ನು ಮರೆಸುವುದು ನಮ್ಮ ಕೆಲಸವಲ್ಲ. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ಸಮಿತಿ ಬೇಡವೆನ್ನದಿದ್ದರೆ ಬಂದ ವಾರದೊಳಗೆ ಮನೆಯವರಿಗೆ ಫೋನು, ತಿಂಗಳಿಗೊಮ್ಮೆ ಭೇಟಿ, ಆಮೇಲೆ ಅರ್ಧ ದಿನ, ಒಂದು ರಾತ್ರಿ, ದಸರೆಯಲ್ಲಿ ಒಂದು ವಾರ. ಪೂರ್ತಿ ಕಳಿಸುವುದು ಮೇ ಕೊನೆಯಲ್ಲಿ, ಶಾಲೆ ತೆರೆಯುವ ಹೊತ್ತಿಗೆ. ದೀಪಾವಳಿಯ ನಂತರ ಕಳಿಸಿದರೆ ಸುಗ್ಗಿ ಮುಗಿದ ಊರು ಗುಳೆ ಎದ್ದಿರುತ್ತದೆ, ಮಗುವೂ ಬೆಂಗಳೂರಿನ ಕಟ್ಟಡದ ಶೆಡ್ಡಿಗೆ ಹೋಗಿಬಿಡುತ್ತದೆ. ಆದ್ದರಿಂದ ಕಳಿಸುವ ಮೊದಲೇ ಕೇಳಬೇಕಾದದ್ದು, ಹೆತ್ತವರು ಗುಳೆ ಹೋದಾಗ ಮಗು ಯಾರ ಬಳಿ ಉಳಿಯುತ್ತದೆ ಎಂಬುದು. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಅಜ್ಜಿಯ ಮನೆಯಲ್ಲಿ ಮಗು ಉಳಿಯಲು ಎಷ್ಟೋ ಸಲ ಅಷ್ಟು ಸಾಕು, ಆದರೆ ಅರ್ಜಿಯನ್ನು ಮಗು ನಮ್ಮ ಮನೆಯಲ್ಲಿರುವಾಗಲೇ ಹಾಕಬೇಕು. ಹೋದ ಮೇಲೆ ಮೊದಲ ವಾರ, ಮೊದಲ ತಿಂಗಳು, ಮೂರನೇ ಮತ್ತು ಆರನೇ ತಿಂಗಳು ಭೇಟಿ. ಶಾಲೆಯ ಹಾಜರಿ ಪುಸ್ತಕ ನೋಡಿದರೆ ಮನೆಯ ಸ್ಥಿತಿ ಅರ್ಧ ತಿಳಿಯುತ್ತದೆ.

ಹಣದಲ್ಲಿ ಒಂದೇ ಸೂತ್ರ: ಆರು ತಿಂಗಳ ಖರ್ಚು ಕೈಯಲ್ಲಿಲ್ಲದೆ ಹೊಸ ಮಗುವನ್ನು ಒಪ್ಪಿಕೊಳ್ಳುವುದಿಲ್ಲ. ಒಬ್ಬರೇ ದಾನಿಯಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರದಂತೆಯೂ ನೋಡಿಕೊಳ್ಳುತ್ತೇವೆ.

ದಂಪತಿಗೆ ವಾರದಲ್ಲಿ ಒಂದು ಪೂರ್ತಿ ದಿನ ಬಿಡುವು, ವರ್ಷದಲ್ಲಿ ಮೂರು ವಾರ ರಜೆ. ಹೋಗುವ ದಿನ, ಬರುವ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿ ಮಕ್ಕಳೇ ಕಳೆದ ದಿನಗಳ ಮೇಲೆ ಗೆರೆ ಹೊಡೆಯುತ್ತಾರೆ. ದಿನಬಿಟ್ಟು ದಿನ ಸಂಜೆ ಏಳಕ್ಕೆ ಫೋನು. ಹೇಳಿದ ದಿನಕ್ಕಿಂತ ಒಂದು ದಿನವೂ ತಡವಾಗಿ ಬರಬಾರದು. ನಮ್ಮ ಬದಲಿಗೆ ನಿಲ್ಲುವ ಅಕ್ಕ ವರ್ಷವಿಡೀ ಮನೆಗೆ ಬಂದುಹೋಗುವವರೇ ಆಗಿರಬೇಕು, ರಜೆಗೆಂದು ಕರೆತಂದ ಹೊಸಬರಲ್ಲ.

ಹದಿನೆಂಟಕ್ಕೆ ಹೊರಡುವ ತಯಾರಿ ಹದಿನೈದಕ್ಕೆ ಶುರು. ಆಧಾರಿನ ಬೆರಳಚ್ಚು ನವೀಕರಣ, ಮಗುವೇ ನಡೆಸುವ ಬ್ಯಾಂಕ್ ಖಾತೆ, ಜಾತಿ ಆದಾಯ ಪತ್ರ, ಹತ್ತು ಅಡುಗೆ, ಬಸ್ಸಿನಲ್ಲಿ ಒಬ್ಬರೇ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವುದು. ಹೀಗೆ ಹೊರಟವರಿಗಾಗಿ ಕಾಯ್ದೆಯಲ್ಲಿರುವ ‘ನಂತರದ ಪಾಲನೆ’ಯಡಿ 21ರವರೆಗೆ ನೆರವು ಸಿಗಬಹುದು, ಅರ್ಜಿ ಹದಿನೆಂಟು ತುಂಬುವ ಮೊದಲೇ ಹೋಗಬೇಕು. ಹೊರಡುವ ದಿನ ಅವರ ಜೀವನಕಥೆಯ ಪುಸ್ತಕವನ್ನು ಕೊಡುತ್ತೇವೆ: ಬಂದ ದಿನದಿಂದ ಆರು ತಿಂಗಳಿಗೊಂದು ಫೋಟೊ, ಊರು, ಅಮ್ಮನ ಹೆಸರು, ಇಷ್ಟದ ತಿಂಡಿ, ಬಿದ್ದ ಮೊದಲ ಹಲ್ಲು. ಕೊನೆಯ ಪುಟದಲ್ಲಿ ಮನೆಯ ಫೋನ್ ನಂಬರ್ ಇರುತ್ತದೆ. ಆ ಸಿಮ್ಮನ್ನು ಸಂಸ್ಥೆಯ ಹೆಸರಿನಲ್ಲೇ ತೆಗೆದುಕೊಳ್ಳಿ, ನೀವು ಬೇರೆ ಊರಿಗೆ ವರ್ಗವಾದರೂ ಅದು ಮನೆಯಲ್ಲೇ ಉಳಿಯಲಿ. ಏಳೆಂಟು ವರ್ಷದ ನಂತರವೂ ಆ ನಂಬರಿಗೆ ಕರೆ ಬರುತ್ತದೆ.