ಪಾರ್ಕಿನ್ಸನ್ ಇರುವವರ ಕಾಲು ನೆಲಕ್ಕೆ ಅಂಟಿದರೆ ಮನೆಯವರು ಏನು ಮಾಡಬೇಕು

ಎಳೆಯಬೇಡಿ. ಮಿಕ್ಕಿದ್ದೆಲ್ಲ ಆಮೇಲೆ. ಪಾರ್ಕಿನ್ಸನ್ ಇರುವವರು ಬಚ್ಚಲುಮನೆ ಬಾಗಿಲಲ್ಲಿ ನಿಂತಲ್ಲೇ ನಿಂತಾಗ ಮನೆಯವರ ಕೈ ತಾನಾಗಿಯೇ ಅವರ ರಟ್ಟೆಗೆ ಹೋಗುತ್ತದೆ. ಎಳೆದರೆ ಮೈ ಮುಂದೆ ಬರುತ್ತದೆ, ಪಾದ ಬರುವುದಿಲ್ಲ. ಬೀಳುವುದು ಹಾಗೆಯೇ. ಶಿವಮೊಗ್ಗ, ಸಾಗರದ ಕಡೆ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವವಳು ನಾನು. ಮೊದಲ ದಿನ ವ್ಯಾಯಾಮ ಕಲಿಸುವುದಕ್ಕಿಂತ ಈ ಎಳೆಯುವ ಅಭ್ಯಾಸ ಬಿಡಿಸುವುದೇ ದೊಡ್ಡ ಕೆಲಸ.

‘ಕಾಲಲ್ಲಿ ಶಕ್ತಿಯೇ ಇಲ್ಲ ಮೇಡಂ’ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಸೊಂಟದ ಎಂಆರ್‌ಐ ಫಿಲ್ಮ್ ಮೊದಲೇ ತೆಗೆದಿಟ್ಟಿರುತ್ತಾರೆ. ಅದೇ ಯಜಮಾನರನ್ನು ಮಂಚದ ಮೇಲೆ ಕೂರಿಸಿ, ಕಾಲು ಚಾಚಲು ಹೇಳಿ, ನನ್ನ ಕೈ ಅಡ್ಡ ಹಿಡಿದರೆ ನನ್ನನ್ನೇ ತಳ್ಳಿಬಿಡುತ್ತಾರೆ. ಶಕ್ತಿ ಇದೆ. ಮಿದುಳಿನ ಮೇಲ್ಪದರದಿಂದ ಹೊರಟ ಆಜ್ಞೆ ಮಿದುಳಿನ ಬುಡದಲ್ಲಿ ಬಹುಪಾಲು ಎದುರು ಬದಿಗೆ ದಾಟಿ, ಬೆನ್ನುಹುರಿಯಲ್ಲಿ ಇಳಿದು, ಅಲ್ಲಿನ ನರಕೋಶಗಳ ಮೂಲಕ ಸ್ನಾಯು ಮುಟ್ಟುತ್ತದೆ. ಪಾರ್ಕಿನ್ಸನ್‌ನಲ್ಲಿ ಈ ದಾರಿ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಮಿದುಳಿನ ಆಳದಲ್ಲಿ. ನಡುಮಿದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪನೆಯ ಭಾಗವಿದೆ. ಅಲ್ಲಿನ ಕೋಶಗಳು ಬೇಸಲ್ ಗ್ಯಾಂಗ್ಲಿಯಾ ಎಂಬ ಇನ್ನೊಂದು ಆಳದ ಭಾಗಕ್ಕೆ ಡೋಪಮಿನ್ ಎಂಬ, ಸಂದೇಶ ಒಯ್ಯುವ ರಾಸಾಯನಿಕವನ್ನು ಒದಗಿಸುತ್ತವೆ. ನಡುಕ, ಬಿಗಿತ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಸತ್ತುಹೋಗಿರುತ್ತದೆ. ಯೋಚಿಸದೆ ನಡೆಯುವುದು, ಹೆಜ್ಜೆಯ ಅಳತೆ ಉಳಿಸಿಕೊಳ್ಳುವುದು, ನಿಂತವರು ಹೊರಡುವುದು, ಇವಕ್ಕೆಲ್ಲ ಬೇಸಲ್ ಗ್ಯಾಂಗ್ಲಿಯಾ ಬೇಕು. ಬಸ್ಸಿನ ಎಂಜಿನ್ ಓಡುತ್ತಿದೆ, ಡ್ರೈವರ್ ಕೂತಿದ್ದಾನೆ, ಕಂಡಕ್ಟರ್ ಮಾತ್ರ ‘ರೈಟ್’ ಅನ್ನುತ್ತಿಲ್ಲ.

ಒಳಗಿನಿಂದ ಬಾರದ ಆ ಸೂಚನೆಯನ್ನು ನಾವು ಹೊರಗಿನಿಂದ ಕೊಡಬಹುದು. ಕಣ್ಣಿಗೆ ಕಂಡ ಗೆರೆಗೆ, ಕಿವಿಗೆ ಬಿದ್ದ ತಾಳಕ್ಕೆ ಹೆಜ್ಜೆ ಇಡುವಾಗ ಮಿದುಳು ಕೆಟ್ಟ ಭಾಗವನ್ನು ಅಷ್ಟಾಗಿ ನೆಚ್ಚುವುದಿಲ್ಲ. ಅದಕ್ಕೇ ಸಮನೆಲದಲ್ಲಿ ಕಾಲು ಕೀಳಲಾರದವರು ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಾರೆ. ಇದನ್ನು ನೋಡಿಯೇ ಮನೆಯಲ್ಲಿ ‘ಎಲ್ಲ ನಾಟಕ’ ಎಂಬ ಮಾತು ಬರುವುದು. ದಯವಿಟ್ಟು ಆ ಮಾತು ಬೇಡ.

ಕಾಲು ಅಂಟಿದ ಹೊತ್ತಿನಲ್ಲಿ ಅವರ ಪಕ್ಕಕ್ಕೆ, ಕೊಂಚ ಹಿಂದೆ ನಿಲ್ಲಿ. ಎದುರಿಗೆ ನಿಂತರೆ ದಾರಿ ಇನ್ನೂ ಇಕ್ಕಟ್ಟಾಗಿ ಕಾಣುತ್ತದೆ. ಟಿವಿ ಆರಿಸಿ. ಒಬ್ಬರೇ ಮಾತಾಡಿ. ‘ಬೇಗ, ಬೇಗ’ ಅಂದಷ್ಟೂ ಅಂಟು ಹೆಚ್ಚುತ್ತದೆ. ಸಾಗರದ ಹತ್ತಿರ ಒಬ್ಬ ಸೊಸೆ ಹೇಳುವ ಕ್ರಮ ನನಗೆ ಇಷ್ಟ: ‘ಮಾವಾ, ಹಾಗೇ ನಿಂತ್ಕೊಳ್ಳಿ. ಉಸಿರು ಬಿಡಿ. ಎಡಗಾಲಿಗೆ ಭಾರ ಹಾಕಿ. ಈಗ ಬಲಗಾಲಿಗೆ. ಹಾಂ, ಎಡಗಾಲು ಎತ್ತಿ ದೊಡ್ಡ ಹೆಜ್ಜೆ, ಹಿಮ್ಮಡಿ ಮೊದಲು.’ ಭಾರ ಒಂದು ಕಾಲಿಗೆ ಪೂರ್ತಿ ದಾಟದೆ ಇನ್ನೊಂದು ಕಾಲು ಏಳಲಾರದು, ಅಲುಗಾಡಿಸುವುದು ಅದಕ್ಕಾಗಿ. ಆಗಲೂ ಏಳದಿದ್ದರೆ ನಿಮ್ಮ ಪಾದವನ್ನೇ ಅವರ ಒಂದು ಪಾದದ ಮುಂದೆ ಅಡ್ಡ ಇಟ್ಟು ‘ಇದನ್ನು ದಾಟಿ’ ಅನ್ನಿ.

ದಿನಾ ಅಂಟುವ ಜಾಗಗಳು ಪ್ರತಿ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ: ಬಚ್ಚಲ ಬಾಗಿಲು, ಮಂಚ ಮತ್ತು ಗೋಡೆಯ ನಡುವಿನ ಸಂದು, ಊಟದ ಮೇಜಿನ ತಿರುವು. ಅಲ್ಲಿ ನೆಲಕ್ಕೆ ಬಣ್ಣದ ಟೇಪನ್ನು ದಾರಿಗೆ ಅಡ್ಡಲಾಗಿ ಅಂಟಿಸಿ, ಉದ್ದಕ್ಕಲ್ಲ. ಸುಮಾರು ಒಂದೂವರೆ ಅಡಿ ಅಂತರದಿಂದ ಶುರು ಮಾಡಿ, ಅವರ ಎತ್ತರ ನೋಡಿ ಹೊಂದಿಸಿ. ಕೆಂಪು ರೆಡ್ ಆಕ್ಸೈಡ್ ನೆಲಕ್ಕೆ ಬಿಳಿ ಟೇಪು, ಬಿಳಿ ಟೈಲ್ಸಿಗೆ ಕಪ್ಪು. ಬಾಗಿಲಿನಾಚೆಗೂ ಎರಡು ಮೂರು ಗೆರೆ ಇರಲಿ. ನೋಟ ಬಾಗಿಲ ಚೌಕಟ್ಟಿನಲ್ಲಿ ನಿಲ್ಲದೆ ಆಚೆಗೆ ಹೋಗಬೇಕು.

ಹಳೆಯ ಮನೆಗಳ ಎತ್ತರದ ಹೊಸ್ತಿಲು ಒಡೆಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮೊದಲು ಅವರು ಹೇಗೆ ದಾಟುತ್ತಾರೆ ನೋಡಿ. ಕೆಲವರಿಗೆ ಹೊಸ್ತಿಲೇ ಗೆರೆಯ ಕೆಲಸ ಮಾಡಿ ಪಾದ ಚೆನ್ನಾಗಿ ಏಳುತ್ತದೆ. ಎಡವುವವರಾದರೆ ಒಡೆಸಿ, ಎರಡನೇ ಮಾತಿಲ್ಲ. ಕಾಲೊರೆಸುವ ಮ್ಯಾಟು ಮಾತ್ರ ಯಾರ ಮನೆಯಲ್ಲೂ ಬೇಡ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯದೆ ಅಗಲವಾದ ಬಳಸು ಹಾಕಲಿ. ನಡೆಯುವಾಗ ಕೈಗೆ ಕಾಫಿ ಲೋಟ ಕೊಡಬೇಡಿ, ಮಾತಿಗೂ ಎಳೆಯಬೇಡಿ.

ತಾಳದ ವಿಷಯ: ಫೋನಿನಲ್ಲಿ ಮೆಟ್ರೊನೋಮ್, ಅಂದರೆ ಒಂದೇ ಲಯದಲ್ಲಿ ಟಕ್ ಟಕ್ ಎನ್ನುವ ಆ್ಯಪ್, ಹಾಕಬಹುದು. ನನ್ನ ಬಳಿ ಬರುವ ಒಬ್ಬ ಯಕ್ಷಗಾನದ ಹುಚ್ಚಿನ ಹಿರಿಯರಿಗೆ ಆ ಟಕ್ ಟಕ್ ಸದ್ದು ಕಂಡರಾಗದು. ಅವರು ಬಾಯಲ್ಲೇ ತಾಳ ಹೇಳಿಕೊಂಡು ಜಗಲಿಯಲ್ಲಿ ನಡೆಯುತ್ತಾರೆ, ನಾನು ತೊಡೆ ತಟ್ಟುತ್ತೇನೆ. ಯಾವುದಕ್ಕೆ ಕಾಲು ಏಳುತ್ತದೋ ಅದೇ ಸರಿ.

ಇದೆಲ್ಲ ನಿಧಾನವಾಗಿ ಬಂದ ತೊಂದರೆಗೆ. ಒಂದು ಬದಿಯ ಕೈಕಾಲು ಇದ್ದಕ್ಕಿದ್ದಂತೆ ಬಿದ್ದುಹೋದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು, ಆದ್ದರಿಂದ ತಕ್ಷಣ ಆಸ್ಪತ್ರೆಗೆ ಹೊರಡಿ. ಎರಡೂ ಕಾಲು ಮರಗಟ್ಟಿ, ಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು. ಅದೂ ಅಂದೇ ವೈದ್ಯರು ನೋಡಬೇಕಾದದ್ದು.

ಇನ್ನು ಮಾತ್ರೆ. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧ ಲೆವೊಡೋಪಾ, ಮಿದುಳಿನಲ್ಲಿ ಅದು ಡೋಪಮಿನ್ ಆಗುತ್ತದೆ. ಕಾಲು ಅಂಟುವುದು ಬಹಳಷ್ಟು ಮಂದಿಗೆ ಅದರ ಪ್ರಭಾವ ಇಳಿಯುವ ಹೊತ್ತಿಗೆ. ಒಂದು ನೋಟ್‌ಬುಕ್ಕಿನಲ್ಲಿ ಮಾತ್ರೆ ನುಂಗಿದ ಗಂಟೆ, ಊಟದ ಗಂಟೆ, ಕಾಲು ಅಂಟಿದ ಗಂಟೆ ಬರೆದಿಡಿ. ನ್ಯೂರಾಲಜಿಸ್ಟ್‌ಗೆ ನಿಮ್ಮ ಅರ್ಧ ಗಂಟೆಯ ವಿವರಣೆಗಿಂತ ಅದು ಉಪಯೋಗಕ್ಕೆ ಬರುತ್ತದೆ. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನು ಈ ಔಷಧದ ಜೊತೆ ಪೈಪೋಟಿಗೆ ಬೀಳುತ್ತದೆ. ಹೊಟ್ಟೆ ತೊಳಸದಿದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲೋ ಊಟವಾಗಿ ಒಂದು ಗಂಟೆಯ ಮೇಲೋ ಕೊಡಿ. ಕಬ್ಬಿಣಾಂಶದ ಮಾತ್ರೆ ಇದರ ಜೊತೆಗೆ ಬೇಡ. ಲೆವೊಡೋಪಾವನ್ನು ನೀವೇ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಮಲೆನಾಡಿನಲ್ಲಿ ನಸುಗುನ್ನಿ ಬೀಜದ ಪುಡಿಯ ಮಾತು ಬಂದೇ ಬರುತ್ತದೆ. ನಗುವಂಥದ್ದಲ್ಲ ಅದು. ಅದರಲ್ಲಿ ನಿಜಕ್ಕೂ ಲೆವೊಡೋಪಾ ಇದೆ, 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಇರುವುದರಿಂದಲೇ ತೊಂದರೆ. ಒಂದು ಚಮಚದಲ್ಲಿ ಎಷ್ಟಿದೆ ಎಂದು ತಿಳಿಯದೆ ಮಾತ್ರೆಯ ಮೇಲೆ ಸೇರಿಸಿದರೆ ಮೈ ತಾನಾಗಿ ಹೊರಳಾಡುತ್ತದೆ, ನಿಂತಾಗ ಬಿಪಿ ಕುಸಿಯುತ್ತದೆ. ಕೊಡುತ್ತಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ.

ಕೊನೆಗೆ ಒಂದು ಚೀಟಿ ಬರೆದು ಅವರ ಪರ್ಸಿನಲ್ಲಿಡಿ. ಮೇಲೆ: ‘ಪಾರ್ಕಿನ್ಸನ್ ಇದೆ.’ ಕೆಳಗೆ, ಪಾರ್ಕಿನ್ಸನ್ ಕೆರಳಿಸಬಲ್ಲ ಔಷಧಗಳ ಹೆಸರು: ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್, ಕನವರಿಕೆಗೆ ಕೊಡುವ ಹ್ಯಾಲೊಪೆರಿಡಾಲ್. ಇವೆಲ್ಲ ಇರುವ ಚೂರು ಡೋಪಮಿನ್ನಿಗೂ ಅಡ್ಡ ನಿಲ್ಲುತ್ತವೆ. ಅದರ ಕೆಳಗೆ ಲೆವೊಡೋಪಾದ ಗಂಟೆಗಳು. ಬೇರೆ ಕಾಯಿಲೆಗೆ ಆಸ್ಪತ್ರೆಗೆ ಸೇರಿಸಿದರೆ ಆ ಚೀಟಿಯನ್ನು ಸಿಸ್ಟರ್ ಕೈಗೆ ಕೊಟ್ಟು, ಮಾತ್ರೆಯನ್ನು ವಾರ್ಡಿನ ಹೊತ್ತಿಗಲ್ಲ, ಇವರ ಹೊತ್ತಿಗೇ ಕೊಡಲು ಹೇಳಿ.