ಹುಂಬಾಬನನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಪ್ರಾಚೀನ ಮೆಸೊಪೊಟೇಮಿಯಾದ (ಈಗಿನ ಇರಾಕಿನ ಕಡೆಯ) ಗಿಲ್ಗಮೆಶ್ ಕಥೆಯನ್ನು ಹತ್ತು-ಹನ್ನೆರಡು ವಯಸ್ಸಿನ ಮಕ್ಕಳಿಗೆ ಗ್ರಾಫಿಕ್ ಕಾದಂಬರಿ ಮಾಡಲು ಕೂತಾಗ ನನ್ನ ತಲೆ ತಿಂದದ್ದು ರಾಜ ಗಿಲ್ಗಮೆಶನೂ ಅಲ್ಲ, ಅವನ ಗೆಳೆಯ ಎಂಕಿಡುವೂ ಅಲ್ಲ. ದೇವದಾರು ಕಾಡನ್ನು ಕಾಯುವ ಹುಂಬಾಬ. ಅವನನ್ನು ಸುಮ್ನೆ ಒಬ್ಬ ರಾಕ್ಷಸ ಮಾಡಿಬಿಟ್ಟರೆ ಕೆಲಸ ಸುಲಭ. ಆದರೆ ಅವನನ್ನು ಕಾವಲಿಗೆ ಇಟ್ಟದ್ದು ಎನ್ಲಿಲ್ ದೇವರು, ಅವನನ್ನು ಕೊಂದ ಗಿಲ್ಗಮೆಶ್, ಎಂಕಿಡು ಕೊಡಲಿ ಹಿಡಿದು ಬಂದವರು. "ಅವನೇನು ತಪ್ಪು ಮಾಡಿದ್ದ?" ಅಂತ ಮಕ್ಕಳು ಕೇಳದೆ ಬಿಡುತ್ತಾರಾ?

ಈ ಕಥೆ ನಮಗೆ ಸಿಕ್ಕಿರುವುದು ಜೇಡಿಮಣ್ಣಿನ ಹಲಗೆಗಳಲ್ಲಿ, ಅದೂ ಚೂರು ಚೂರಾಗಿ. 2011ರಲ್ಲಿ ಇರಾಕಿನ ಸುಲೈಮಾನಿಯಾ ಮ್ಯೂಸಿಯಂ ಕೊಂಡ ಒಂದು ಹಲಗೆಯಲ್ಲಿ ಕಾಡಿನ ಭಾಗಕ್ಕೆ ಹೊಸ ಸಾಲುಗಳು ಸಿಕ್ಕವು. ಹಕ್ಕಿಗಳು, ಜೀರುಂಡೆಗಳು, ಮಂಗಗಳು ಸೇರಿ ಹುಂಬಾಬನ ಮುಂದೆ ದಿನಾ ವಾದ್ಯಗೋಷ್ಠಿ ನಡೆಸಿದ ಹಾಗೆ ಗದ್ದಲ ಮಾಡುತ್ತವೆ. ಮುಂದೆ, ಕಾಡನ್ನು ಬಯಲು ಮಾಡಿಬಿಟ್ಟೆವಲ್ಲ ಅಂತ ಎಂಕಿಡುವೇ ಹೇಳುತ್ತಾನೆ. ಇದನ್ನು ಓದಿದ ಮೇಲೆ ಇಡೀ ಅಧ್ಯಾಯವನ್ನು ಸದ್ದಿನ ಮೇಲೆ ಕಟ್ಟಿದೆ.

ಎದುರುಬದುರು ಎರಡು ಪುಟ ತುಂಬ ಕಾಡು, ಎಲೆಗಳ ನಡುವೆಲ್ಲ ಕೂಗಿನ ಅಕ್ಷರಗಳು. ಹುಂಬಾಬ ಸತ್ತ ಮೇಲೆ ಅದೇ ಜಾಗ, ಅದೇ ಕೋನ, ಬರೀ ಮರದ ಬುಡಗಳು, ಒಂದೇ ಒಂದು ಅಕ್ಷರವಿಲ್ಲ. ಕೊಲ್ಲುವುದನ್ನು ಬಿಡಿಸಲಿಲ್ಲ. ಬಲಪುಟದ ಕೊನೆಯ ಚೌಕದಲ್ಲಿ ಎತ್ತಿದ ಕೊಡಲಿ, ಪುಟ ತಿರುಗಿಸಿದರೆ ಮರ ಉರುಳುತ್ತಿದೆ. ನಡುವೆ ಆದದ್ದನ್ನು ಪ್ರತಿ ಮಗುವೂ ತನಗೆ ತಡೆಯುವಷ್ಟು ಊಹಿಸಿಕೊಳ್ಳುತ್ತದೆ. ಹುಂಬಾಬ ಬದುಕಿ ಗೆಳೆಯನಾದ ಅಂತ ಬದಲಾಯಿಸಬಹುದಲ್ವಾ ಅಂದವರೂ ಇದ್ದರು. ಆಗಲ್ಲ ಅಂದೆ. ಮುಂದೆ ದೇವರುಗಳು ಎಂಕಿಡುವಿಗೆ ಸಾವಿನ ಶಿಕ್ಷೆ ಕೊಡುವುದಕ್ಕೆ ಈ ಕೊಲೆಯೂ ಒಂದು ಕಾರಣ, ಗಿಲ್ಗಮೆಶ್ ಸಾವಿಲ್ಲದ ಬದುಕು ಹುಡುಕಿ ಹೊರಡುವುದು ಆ ಸಾವಿನಿಂದ. ಒಂದು ಎಳೆ ಕಿತ್ತರೆ ಉಳಿದದ್ದೆಲ್ಲ ಸಡಿಲ.

ಮುಖಕ್ಕೆ ಜಾಸ್ತಿ ಒದ್ದಾಡಬೇಕಾಗಲಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ ಇರಾಕಿನ ಹಳೆಯ ನಗರ ಸಿಪ್ಪರ್‌ನಿಂದ ಬಂದ ಒಂದು ಮಣ್ಣಿನ ಮುಖವಾಡವಿದೆ, ಕರುಳನ್ನು ಸುತ್ತಿಟ್ಟಂತಹ ಹುಂಬಾಬನ ಮುಖ. ಅದನ್ನೇ ಇಟ್ಟುಕೊಂಡು ಕಣ್ಣು ಮಾತ್ರ ದೊಡ್ಡದು ಮಾಡಿದೆ. ಮಕ್ಕಳು ಛೀ ಅಂತಾರೆ, ಮತ್ತೆ ಅದೇ ಪುಟ ತೆಗೀತಾರೆ.

ಇನ್ನು ಅಕ್ಷರ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಪದಗಳೂ ಉದ್ದ, ಹಾಗಾಗಿ ಮಾತಿನ ಗುಳ್ಳೆ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದಾಗುತ್ತದೆ. ಅದಕ್ಕೇ ನಾನು ಕರಡು ಚಿತ್ರದಲ್ಲೇ ಮಾತು ಕೂರಿಸಿ, ಉಳಿದ ಜಾಗದಲ್ಲಿ ಪಾತ್ರ ನಿಲ್ಲಿಸುತ್ತೇನೆ. ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಮಾತಿಗೆ.