ಮೊಹಾವಿಯಲ್ಲಿ ರೈಲು ನೋಡಿ, ಮರಳು ಹತ್ತಿ

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಗೆ ಹೊರಡುವುದಾದರೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವನ್ನೇ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಆ ಮರಳಿನ ಮೇಲೆ ನಡೆಯುವುದನ್ನು ನಾನು ಯಾರಿಗೂ ಹೇಳಲಾರೆ.

ಮೊದಲು ಟೆಹಾಚಪಿ ಲೂಪ್. 1876ರಲ್ಲಿ ಮುಗಿದ ಈ ಹಳಿ ಗುಡ್ಡವೊಂದನ್ನು ಬಳಸಿ, 23 ಮೀಟರ್ ಏರಿ, ತನ್ನನ್ನೇ ದಾಟುತ್ತದೆ. ಗೂಡ್ಸ್ ರೈಲು 1.2 ಕಿಲೋಮೀಟರ್‌ಗಿಂತ ಉದ್ದವಿದ್ದರೆ ಎಂಜಿನ್‌ಗಳು ಮೇಲಿನ ಹಳಿಯಲ್ಲಿರುವಾಗಲೇ ಅದರ ಬಾಲ ಕೆಳಗಿನ ಸುರಂಗದಲ್ಲಿರುತ್ತದೆ! ಈ ನೋಟ ಎಷ್ಟು ಸಲ ಕಂಡರೂ ನನಗೆ ಸಾಕೆನಿಸಿಲ್ಲ. ಗೂಡ್ಸ್ ರೈಲುಗಳಿಗೆ ಪ್ರಕಟಿತ ವೇಳಾಪಟ್ಟಿ ಇಲ್ಲ. ಅರ್ಧ ದಿನ ಎತ್ತಿಟ್ಟು, ರಸ್ತೆ ಬದಿಯ ವೀಕ್ಷಣಾ ಸ್ಥಳದಲ್ಲಿ ಕುಳಿತು ಕಿವಿ ತೆರೆದಿಡಿ. ಏರಿನಲ್ಲಿ ತಿಣುಕುವ ಎಂಜಿನ್‌ಗಳ ಸದ್ದು ರೈಲಿಗಿಂತ ಮೊದಲೇ ತಲುಪುತ್ತದೆ. ಬೇಲಿ ದಾಟಿ ಹಳಿಯ ಬಳಿ ಹೋಗಲೇಬೇಡಿ.

ಅಲ್ಲಿಂದ ಬಾರ್‌ಸ್ಟೋ ಪಟ್ಟಣದ ಮೂಲಕ ಕೆಲ್ಸೋಗೆ. ಬಾರ್‌ಸ್ಟೋದಲ್ಲೇ ಟ್ಯಾಂಕ್ ತುಂಬಿಸಿ, ಕೆಲ್ಸೋ ಇರುವ ಮೊಹಾವಿ ಸಂರಕ್ಷಿತ ಪ್ರದೇಶದೊಳಗೆ ಪೆಟ್ರೋಲ್ ಬಂಕ್ ಇಲ್ಲ. ಫೋನ್ ಸಂಪರ್ಕವನ್ನೂ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಕಾರಿನಲ್ಲಿರಲಿ.

ಕೆಲ್ಸೋದ 1924ರ ಹಳೆಯ ನಿಲ್ದಾಣದ ಮುಂದೆ ಇಂದಿಗೂ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಗೂಡ್ಸ್ ರೈಲುಗಳು ಓಡುತ್ತವೆ. ಸಮೀಪದ ಮರಳು ದಿಬ್ಬಗಳ ಎತ್ತರ ಸುಮಾರು 200 ಮೀಟರ್. ಹೋಗಿಬರಲು 5 ಕಿಲೋಮೀಟರ್ ಆಗುತ್ತದೆ. ಬೆಳಕು ಹರಿಯುತ್ತಲೇ ಹೊರಡಿ. ಕೊನೆಯ ಏರಿನಲ್ಲಿ ಹೆಜ್ಜೆಹೆಜ್ಜೆಗೂ ಕಾಲು ಹಿಂದಕ್ಕೆ ಜಾರುತ್ತದೆ, ಆದ್ದರಿಂದ ನೇರ ಹತ್ತದೆ ದಿಬ್ಬದ ಏಣು ಹಿಡಿದು ಸಾಗಿ. ಮರಳು ಒಣಗಿದ್ದರೆ ಇಳಿಯುವಾಗ ಕಡಿದಾದ ಬದಿಯಲ್ಲಿ ಕುಳಿತು ಜಾರಿ: ಕುಸಿಯುವ ಮರಳು ಗುಂಯ್‌ಗುಡುವುದು ಮೈಗೇ ತಿಳಿಯುತ್ತದೆ. ಕ್ಯಾಮೆರಾವನ್ನು ಮಾತ್ರ ಮೊದಲೇ ಚೀಲದೊಳಗೆ ಭದ್ರವಾಗಿ ಮುಚ್ಚಿಡಿ.